ಕೆಂಡ ಕೊಡುವ ಕಿಟಕಿ

“ಗುರುಗಳೇ, ಯಾರೂ ಕಾರಣ ಹೇಳಲಾಗದ್ದನ್ನು ಉಳಿಸಿಕೊಳ್ಳಬೇಕೇ?” ಎಂದು ಶಿಷ್ಯ ಕೇಳಿದ.

ಅವನ ಕೈಯಲ್ಲಿ ಮಠದ ಅಡುಗೆಮನೆಯ ನಕ್ಷೆ ಇತ್ತು. ಹಳೆಯದನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕೆಂದು ಊರಿನವರು ತೀರ್ಮಾನಿಸಿದ್ದರು. ನಕ್ಷೆ ಬರೆಯುವ ಕೆಲಸ ಶಿಷ್ಯನ ಪಾಲಿಗೆ ಬಂದಿತ್ತು. ಅವನು ಚುರುಕು. ಅಡುಗೆಮನೆಯ ಒಂದೊಂದು ವಸ್ತುವಿನ ಮುಂದೆಯೂ ನಿಂತು, ಇದು ಇಲ್ಲಿ ಯಾಕಿದೆ ಎಂದು ವಿಚಾರಿಸಿದ್ದ. ಕಾರಣ ಇದ್ದದ್ದು ನಕ್ಷೆಯಲ್ಲಿ ಉಳಿಯಿತು. ಇಲ್ಲದ್ದು ಹೋಯಿತು. ಕೊನೆಗೆ ಹಿತ್ತಿಲ ಕಡೆಯ ಒಂದು ಸಣ್ಣ ಬಾಗಿಲು ಮಾತ್ರ ಇತ್ಯರ್ಥವಾಗದೆ ನಿಂತಿತು. ಅದರಾಚೆ ಬಾವಿ ಇಲ್ಲ, ಸೌದೆ ಕೊಟ್ಟಿಗೆ ಇಲ್ಲ, ನಡೆಯುವ ದಾರಿಯೂ ಇಲ್ಲ.

“ಅಡುಗೆಯ ಅಜ್ಜನನ್ನು ಕೇಳಿದೆ. ‘ಇರಲಿ ಬಿಡಿ’ ಅಂದ. ಯಾಕಪ್ಪಾ ಇರಬೇಕು ಅಂದೆ. ‘ಇರಲಿ ಬಿಡಿ ಸ್ವಾಮಿ’ ಅಂದ. ಒಂದು ಸ್ವಾಮಿ ಜಾಸ್ತಿ ಆಯಿತೇ ಹೊರತು ಕಾರಣ ಬರಲಿಲ್ಲ. ನಾಳೆ ಗಾರೆಯವರು ಬರುತ್ತಾರೆ. ಅದನ್ನು ಮುಚ್ಚಿಸಿಬಿಡುತ್ತೇನೆ.”

ಗುರು ಒಂದೂರಲ್ಲಿ ನಿಲ್ಲುವವರಲ್ಲ. ಹಿಂದಿನ ದಿನ ನಡೆದು ಬಂದಿದ್ದರು. ಮರುದಿನ ನಡೆದು ಹೋಗುವವರಿದ್ದರು. ಕಿತ್ತುಹೋದ ಚಪ್ಪಲಿಯ ಬಾರಿಗೆ ಹೊಲಿಗೆ ಹಾಕುತ್ತಾ ಕೂತಿದ್ದರು.

“ಬಾಗಿಲು ಎಲ್ಲಿಗೂ ಓಡಿಹೋಗುವುದಿಲ್ಲ. ನೀನು ಕೂತುಕೋ,” ಎಂದರು. ದಾರವನ್ನು ಹಲ್ಲಿನಿಂದ ಕಡಿದು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಒಳ್ಳೆಯವನು. ಅದರಲ್ಲಿ ಸಂಶಯವಿಲ್ಲ. ಯಾರಾದರೂ ಕಷ್ಟ ಎಂದರೆ ಅವನ ಕೈ ಹಿಂದೆ ಸರಿಯುತ್ತಿರಲಿಲ್ಲ. ಆದರೆ ಅವನ ಕೈ ತೆರೆದ ಕೂಡಲೇ ಬಾಯಿಯೂ ತೆರೆಯುತ್ತಿತ್ತು. ಕೊಟ್ಟದ್ದು ನಾಲ್ಕು ಜನಕ್ಕೆ ತಿಳಿಯದಿದ್ದರೆ ಕೊಟ್ಟ ಹಾಗೆಯೇ ಅವನಿಗೆ ಅನಿಸುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಅವನು ದನ ಕಾಯುವವನೊಬ್ಬನಿಗೆ ಕೊಡೆ ಕೊಟ್ಟ. ಆಮೇಲೆ ಮಳೆ ಬಂದಾಗಲೆಲ್ಲ ಅಂಗಡಿಯಿಂದ ತಲೆ ಹೊರಗೆ ಹಾಕಿ, “ಹೇಗಿದೆಯಪ್ಪಾ ನನ್ನ ಕೊಡೆ?” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. “ಚೆನ್ನಾಗಿದೆ ಸಾಹುಕಾರ್ರೇ,” ಎಂದು ದನ ಕಾಯುವವನು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ.

ವರ್ತಕನ ಅಡುಗೆಮನೆ ಅವನ ಅಜ್ಜ ಕಟ್ಟಿಸಿದ್ದು. ತಗ್ಗು ಮಾಡು. ನೆಲದ ಮೇಲಿನ ಒಲೆ. ಹಿಂದಿನ ಓಣಿಯ ಕಡೆಗೆ ಒಂದೇ ಒಂದು ಕಿಟಕಿ. ವರ್ತಕ ಅದರೊಳಗೆ ಕಾಲಿಡುತ್ತಿದ್ದದ್ದೇ ಅಪರೂಪ. ನಡುಮನೆಯಲ್ಲಿ ಕೂತರೆ ಎಲೆ ಮುಂದೆ ಬರುತ್ತಿತ್ತು. ಒಂದು ದಿನ ಏನನ್ನೋ ಹೇಳಲೆಂದು ಅಡುಗೆಮನೆಯ ಬಾಗಿಲಿಗೆ ಬಂದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಯಾಕೆ ಅಳ್ತಿದ್ದೀಯ?”

“ಅಳು ಎಲ್ಲಿ ಬಂತು? ಹೊಗೆ.”

“ದಿನಾ ಹೀಗೇನಾ?”

“ನಮ್ಮತ್ತೆ ಕಾಲದಿಂದ ಹೀಗೇ. ನೀವು ಊಟಕ್ಕೆ ಬರೋ ಹೊತ್ತಿಗೆ ಒಲೆ ಆರಿರುತ್ತೆ, ಅದಕ್ಕೇ ನಿಮಗೆ ಕಾಣೋದಿಲ್ಲ,” ಎಂದು ಹೇಳಿ ಅವಳು ಕೆಮ್ಮಿದಳು.

ಆ ಕೆಮ್ಮು ಅವನಿಗೆ ನಾಟಿತು. ಇಷ್ಟು ವರ್ಷ ಅದನ್ನು ಕೇಳಿದ್ದ, ಗಮನಿಸಿರಲಿಲ್ಲ. ಅವತ್ತೇ ಹೇಳಿದ: “ಈ ಅಡುಗೆಮನೆಯನ್ನೇ ಬದಲಾಯಿಸ್ತೀನಿ. ಊರಲ್ಲೇ ಅಂಥದ್ದು ಇರಬಾರದು.”

ಅಂದಿನಿಂದ ಅವನ ತಲೆಯ ತುಂಬ ಅಡುಗೆಮನೆಯೇ. ಅಂಗಡಿಯ ನೆಲದ ಮೇಲೆ ಇದ್ದಿಲಿನಿಂದ ನಕ್ಷೆ ಬರೆದ. ಒರೆಸಿ ಮತ್ತೆ ಬರೆದ. ಬಂದ ಗಿರಾಕಿಗಳು ನಕ್ಷೆಯ ಮೇಲೆ ಕಾಲಿಡದ ಹಾಗೆ ಅಂಗಡಿಯ ಅಂಚಿನಲ್ಲೇ ನಿಲ್ಲಬೇಕಾಯಿತು. ಒಬ್ಬ ಒಲೆ ಪೂರ್ವಕ್ಕಿರಲಿ ಎಂದ. ಇನ್ನೊಬ್ಬ ನೀರಿನ ಹಂಡೆ ಈಶಾನ್ಯಕ್ಕೆ ಬೇಕು ಎಂದ. ಮೂರನೆಯವನು, “ಸಾಹುಕಾರ್ರೇ, ಒಂದು ಅಚ್ಚು ಬೆಲ್ಲ ಕೊಡಿ ಅಂತ ಬಂದರೆ ಒಲೆ ತೋರಿಸ್ತೀರಲ್ಲ. ನನ್ನ ಹೆಂಡತಿ ಬೆಲ್ಲಕ್ಕೆ ಕಾಯ್ತಾ ಇದ್ದಾಳೆ, ಒಲೆ ಅವಳ ಹತ್ತಿರ ಇದೆ,” ಎಂದ. ಎಲ್ಲರೂ ನಕ್ಕರು. ವರ್ತಕನೂ ನಕ್ಕ. ಆದರೆ ಇದ್ದಿಲು ಕೆಳಗಿಡಲಿಲ್ಲ.

ನಕ್ಷೆ ಮುಗಿಯಿತು. ನಿಂತು ಅಡುಗೆ ಮಾಡುವ ಕಟ್ಟೆ. ಮಾಡಿನಲ್ಲಿ ಗಾಜಿನ ಹೆಂಚು. ಹಿಂದಿನ ಗೋಡೆಯಲ್ಲಿ, ಈಗ ಕಿಟಕಿ ಇರುವ ಕಡೆ, ಮೇಲೆ ಹೋಗುವ ಹೊಗೆಗೂಡು. ಅದರ ಎರಡು ಪಕ್ಕಕ್ಕೂ ಡಬ್ಬಿ ಇಡುವ ಗೂಡುಗಳು. ಅಮಾವಾಸ್ಯೆ ಕಳೆದ ಮೇಲೆ ಹಿಂದಿನ ಗೋಡೆ ಒಡೆಯುವುದೆಂದು ಗಾರೆಯವರೊಂದಿಗೆ ಮಾತಾಯಿತು.

ಹೆಂಡತಿಗೆ ತೋರಿಸಬೇಕಲ್ಲ. ಅವನು ಬೂದಿ ತಂದು ಅಂಗಳದಲ್ಲಿ ಇಡೀ ಅಡುಗೆಮನೆಯನ್ನು ಇದ್ದಷ್ಟೇ ಅಳತೆಯಲ್ಲಿ ಎಳೆದ. “ಬಾ, ಒಳಗೆ ಬಾ. ಅಲ್ಲಲ್ಲ, ಅಲ್ಲಿ ಗೋಡೆ. ಈ ಕಡೆ ಬಾಗಿಲು,” ಎಂದ. ಅವಳು ಬೂದಿಯ ಬಾಗಿಲಿನಿಂದ ಒಳಗೆ ಹೋದಳು. ಇಲ್ಲದ ಕಟ್ಟೆಯ ಮುಂದೆ ನಿಂತಳು. ಇಲ್ಲದ ಪಾತ್ರೆಯನ್ನು ಇಳಿಸಿದಳು. ಅವಳ ಮುಖ ಅರಳಿತು.

“ಬಗ್ಗೋದೇ ಬೇಡ,” ಎಂದಳು.

“ಬಗ್ಗೋದೂ ಬೇಡ, ಕೆಮ್ಮೋದೂ ಬೇಡ.”

ಅವಳು ತಿರುಗಿ ಹಿಂದಿನ ಗೋಡೆಯ ಹತ್ತಿರ ಬಂದಳು. ಅಲ್ಲಿ ನಿಂತುಬಿಟ್ಟಳು.

“ಇಲ್ಲಿ ಕಿಟಕಿ?”

“ಕಿಟಕಿ ಇಲ್ಲ. ಹೊಗೆಗೂಡು.”

“ಕಿಟಕಿ ಇರಲಿ.”

“ಯಾಕೆ?”

“ಹೊಗೆ ಹೋಗೋಕೆ.”

“ಮತ್ತೆ ಹೊಗೆಗೂಡು ಯಾವುದಕ್ಕೆ, ನೋಡೋಕಾ?”

“ಬೆಳಕಿಗೆ ಬೇಕು.”

“ಗಾಜಿನ ಹೆಂಚಿದೆ. ನಡುಮನೆಗಿಂತ ಬೆಳಕಾಗುತ್ತೆ.”

“ಕಾಗೆಗೆ ಅನ್ನ ಇಡಬೇಕು.”

“ಕಾಗೆಗೆ ಇಡೀ ಅಂಗಳ ಇದೆ. ಅಡುಗೆಮನೆಗೇ ಬರ್ತೀನಿ ಅಂತ ಹಠ ಮಾಡಿದೆಯಾ ಅದು?”

ಅವಳು ನಕ್ಕಳು. ನಗು ಬೇಗ ಮುಗಿಯಿತು. “ಹಿಂದಿನ ಮನೆಯವಳು ಕೆಂಡ ತಗೊಂಡು ಹೋಗ್ತಾಳೆ,” ಎಂದಳು.

“ಕೆಂಡವಾ? ಈ ಕಾಲದಲ್ಲಾ? ಪಾಪ, ಮೊದಲೇ ಹೇಳಬಾರದೇ? ಒಂದು ಕಟ್ಟು ಬೆಂಕಿಪೊಟ್ಟಣ ಕಳಿಸಿಕೊಡ್ತೀನಿ. ಇವತ್ತೇ.”

“ಬೇಡ, ಬೇಡ. ಕಳಿಸಬೇಡಿ.”

“ಯಾಕೆ ಬೇಡ?”

ಅವಳು ಬೂದಿಯ ಗೆರೆಯನ್ನು ಕಾಲಬೆರಳಿನಿಂದ ಕೆದಕಿದಳು.

“ನೋಡು, ಒಂದು ಸರಿಯಾದ ಕಾರಣ ಹೇಳು, ಎರಡು ಕಿಟಕಿ ಇಡಿಸ್ತೀನಿ. ಕಾರಣ ಇಲ್ಲ ಅಂದರೆ ಒಂದೂ ಇಲ್ಲ,” ಎಂದು ವರ್ತಕ ಹೇಳಿದ.

ಕಾರಣ ಇತ್ತು. ಹೇಳುವ ಹಾಗಿರಲಿಲ್ಲ.

ಹಿಂದಿನ ಮನೆ ಒಬ್ಬ ನೇಕಾರನದು. ಅವನು, ಅವನ ಹೆಂಡತಿ, ಒಂದು ಮಗು. ವರ್ತಕನ ಹೆಂಡತಿ ಅಡುಗೆ ಮಾಡುವಾಗ ಆ ಕಿಟಕಿಯಿಂದ ಮಗ್ಗದ ಸದ್ದು ಕೇಳುತ್ತಿತ್ತು. ಆ ಸದ್ದಿಗೆ ಸರಿಯಾಗಿಯೇ ಅವಳು ರಾಗಿ ತಿರುವುತ್ತಿದ್ದಳು. ಒಂದು ಚಳಿಗಾಲ ನೇಕಾರನ ಬೆರಳುಗಳು ಸೆಟೆದುಕೊಂಡವು. ಮಗ್ಗ ನಿಂತಿತು.

ಆ ಓಣಿಯ ಹೆಂಗಸರಲ್ಲಿ ಒಂದು ರೂಢಿ. ಒಲೆ ಹೊತ್ತಿಸಲು ಒಬ್ಬರ ಮನೆಯಿಂದ ಒಬ್ಬರು ಕೆಂಡ ತರುತ್ತಿದ್ದರು. ಬೆಂಕಿಪೊಟ್ಟಣ ಬಂದ ಮೇಲೂ ಅದು ಪೂರ್ತಿ ಬಿಟ್ಟಿರಲಿಲ್ಲ. ಕುಡಿಕೆಯಲ್ಲಿ ಬೂದಿ, ಬೂದಿಯ ಮೇಲೆ ಕೆಂಡ. ಕೆಂಡ ಕೇಳುವುದರಲ್ಲಿ ಯಾರಿಗೂ ಸಂಕೋಚವಿಲ್ಲ. ಇವತ್ತು ಕೇಳಿದವಳು ನಾಳೆ ಕೊಡುತ್ತಾಳೆ. ನೇಕಾರನ ಹೆಂಡತಿಯೂ ಕುಡಿಕೆ ಹಿಡಿದು ಆ ಕಿಟಕಿಗೆ ಬರುತ್ತಿದ್ದಳು. ಮಗ್ಗ ನಿಂತ ಮೇಲೂ ಬಂದಳು. ಕೆಂಡ ತೆಗೆದುಕೊಂಡು ಹೋದಳು.

ಒಂದು ಸಂಜೆ ವರ್ತಕನ ಹೆಂಡತಿ ಕಿಟಕಿಯಿಂದ ಸುಮ್ಮನೆ ಮೇಲೆ ನೋಡಿದಳು. ಎಲ್ಲ ಮನೆಗಳ ಮಾಡಿನಿಂದಲೂ ಹೊಗೆ ಏಳುತ್ತಿತ್ತು. ಆ ಮನೆಯಿಂದ ಏಳಲಿಲ್ಲ. ಮರುದಿನವೂ ಇಲ್ಲ. ಅವಳಿಗೆ ಅರ್ಥವಾಯಿತು. ಬೇಯಿಸಲು ಏನೂ ಇಲ್ಲದವಳು ಬೆಂಕಿ ಕೇಳುತ್ತಿದ್ದಾಳೆ. ಕೇಳುವುದನ್ನು ನಿಲ್ಲಿಸಿದರೆ ಓಣಿಗೆ ಗೊತ್ತಾಗುತ್ತದೆ, ಅದಕ್ಕೆ ಕೇಳುತ್ತಿದ್ದಾಳೆ.

ವರ್ತಕನ ಹೆಂಡತಿ ಮುಂದಿನ ಸಲ ಕುಡಿಕೆ ಬಂದಾಗ ಅದನ್ನು ಒಳಗೆ ತೆಗೆದುಕೊಂಡಳು. ತಳದಲ್ಲಿ ಬಿಸಿ ಅನ್ನ ತುಂಬಿದಳು. ಅದರ ಮೇಲೆ ಬಾಳೆಎಲೆ ಮುಚ್ಚಿದಳು. ಎಲೆಯ ಮೇಲೆ ದಪ್ಪಗೆ ಬೂದಿ ಹರಡಿದಳು. ಬೂದಿಯ ಮೇಲೆ ಒಂದು ಕೆಂಡ ಇಟ್ಟಳು. ಓಣಿಯಲ್ಲಿ ನೋಡಿದವರಿಗೆ ಕೆಂಡ ಕಂಡಿತು.

ಮರುದಿನ ನೇಕಾರನ ಹೆಂಡತಿ ಕಿಟಕಿಗೆ ಬಂದು, ತೊಳೆದ ಕುಡಿಕೆಯನ್ನು ಎದುರಿಗಿಟ್ಟಳು. ಆಮೇಲೆ ಹೇಳಿದಳು: “ಅಕ್ಕಾ, ಇದು ನಿಮಗೆ ಗೊತ್ತು, ನನಗೆ ಗೊತ್ತು, ಈ ಕಿಟಕಿಗೆ ಗೊತ್ತು. ನಾಲ್ಕನೆಯವರಿಗೆ ಗೊತ್ತಾದ ದಿನ ನಾವು ಈ ಊರು ಬಿಡ್ತೀವಿ.”

“ಏನು ಗೊತ್ತು? ಕೆಂಡ ತಾನೇ,” ಎಂದಳು ವರ್ತಕನ ಹೆಂಡತಿ.

ಈಗ ಹೇಳು, ಇದನ್ನು ಅವಳು ಗಂಡನಿಗೆ ಹೇಗೆ ಹೇಳಬೇಕು? ಹೇಳಿದರೆ ಅವನು ಸುಮ್ಮನಿರುವವನಲ್ಲ. ಮೂಟೆ ಅಕ್ಕಿಯನ್ನು ಗಾಡಿಗೆ ಹೇರಿಸಿ, ಮುಂಬಾಗಿಲಿನಿಂದ, ಹಾಡುಹಗಲು ಕಳಿಸುವವನು. ಆ ಸಂಸಾರದ ಹೊಟ್ಟೆ ತುಂಬುತ್ತದೆ. ಮರುದಿನ ಆ ಮನೆಗೆ ಬೀಗ ಬೀಳುತ್ತದೆ.

ಅವಳು ಬೇಡವೆಂದರೂ ವರ್ತಕ ಬೆಂಕಿಪೊಟ್ಟಣ ಕಳಿಸಿದ. ಅಂಗಡಿಯ ಆಳು ನೇಕಾರನ ಮುಂಬಾಗಿಲಲ್ಲಿ ನಿಂತು, “ಅಮ್ಮಾ, ಸಾಹುಕಾರ್ರು ಕಳಿಸಿದ್ದಾರೆ! ಇನ್ನು ನೀವು ಕೆಂಡಕ್ಕೆ ಅಲೆಯೋದು ಬೇಡವಂತೆ!” ಎಂದು ಕೂಗಿದ. ಅಕ್ಕಪಕ್ಕದವರು ಹೊರಗೆ ಬಂದು ನೋಡಿದರು. “ಪುಣ್ಯಾತ್ಮ,” ಎಂದರು. ನೇಕಾರನ ಹೆಂಡತಿ ಕಟ್ಟನ್ನು ಎರಡೂ ಕೈಯಿಂದ ತೆಗೆದುಕೊಂಡಳು.

ಆ ಸಂಜೆ ಕುಡಿಕೆ ಕಿಟಕಿಗೆ ಬರಲಿಲ್ಲ.

ಹೇಗೆ ಬರುತ್ತದೆ? ಮನೆಯಲ್ಲಿ ಒಂದು ಕಟ್ಟು ಬೆಂಕಿ ಇಟ್ಟುಕೊಂಡವಳು ಕೆಂಡಕ್ಕೆ ಬಂದರೆ ಓಣಿ ಕೇಳುತ್ತದೆ, ಯಾಕಮ್ಮಾ ಎಂದು. ಅವಳಿಗಿದ್ದ ಒಂದೇ ಒಂದು ನೆಪವನ್ನು ವರ್ತಕ ದಾನ ಮಾಡಿ ಕಿತ್ತುಕೊಂಡಿದ್ದ.

ವರ್ತಕನ ಹೆಂಡತಿ ತನ್ನದೇ ಬಟ್ಟಲಿನಲ್ಲಿ ಅನ್ನ ಹಾಕಿ ಕಿಟಕಿಯ ಕಲ್ಲಿನ ಮೇಲಿಟ್ಟಳು. ಕತ್ತಲಾಗುವವರೆಗೂ ಅದು ಅಲ್ಲೇ ಇತ್ತು. ಮರುದಿನ ಹಿತ್ತಿಲಿಗೆ ಬಂದ ನೇಕಾರನ ಹೆಂಡತಿಯನ್ನು ಮೆಲ್ಲಗೆ ಕರೆದಳು. “ಕೆಂಡ ಬೇಡವೇನೇ?”

“ಬೆಂಕಿ ಇದೆಯಲ್ಲ ಅಕ್ಕಾ. ಸಾಹುಕಾರ್ರು ಕಳಿಸಿದ್ದಾರೆ,” ಎಂದು ಅವಳು ನೆಲ ನೋಡುತ್ತಾ ಹೇಳಿ ಒಳಗೆ ಹೋದಳು.

ಆ ಮನೆಯ ಮಾಡಿನಿಂದ ಹೊಗೆ ಏಳಲಿಲ್ಲ.

ಅಷ್ಟರಲ್ಲಿ ವರ್ತಕನ ಹೆಂಡತಿ ಹೊರಗೆ ಕೂರುವ ದಿನ ಬಂತು. ಆ ಮನೆಗಳ ಕಟ್ಟುಪಾಡು ನಿನಗೆ ಗೊತ್ತು. ತಿಂಗಳಿಗೆ ಮೂರು ದಿನ ಅವಳು ಹಿಂದಿನ ಜಗುಲಿಯಲ್ಲಿ ಇರಬೇಕು, ಅಡುಗೆಮನೆಗೆ ಹೋಗುವ ಹಾಗಿಲ್ಲ. ಆ ದಿನಗಳಲ್ಲಿ ವರ್ತಕನ ಅಕ್ಕ ಬಂದು ಅಡುಗೆ ಮಾಡುತ್ತಿದ್ದಳು. ಈ ಸಲ ಅಕ್ಕ ಮಗಳ ಬಾಣಂತನಕ್ಕೆ ಹೋಗಿದ್ದಳು.

“ನಾನೇ ಮಾಡ್ತೀನಿ. ಊರಿಗೇ ಅಡುಗೆಮನೆ ಹೇಗಿರಬೇಕು ಅಂತ ಹೇಳಿದವನು ಒಂದು ಅನ್ನ ಬೇಯಿಸಲಾರೆನಾ?” ಎಂದ ವರ್ತಕ.

“ಅಕ್ಕಿ ತೊಳೀಬೇಕು,” ಎಂದಳು ಹೆಂಡತಿ, ಜಗುಲಿಯಿಂದ.

“ಗೊತ್ತು.”

“ತೊಳೆದ ನೀರು ಚೆಲ್ಲಬೇಕು.”

“ಅದೂ ಗೊತ್ತು,” ಎಂದು ಅವನು ಮತ್ತೆ ಒಳಗೆ ಹೋಗಿ ನೀರು ಚೆಲ್ಲಿದ.

ಮಳೆ ಹಿಡಿದಿತ್ತು. ಸೌದೆ ಹಸಿ. ಊದಿದಷ್ಟೂ ಹೊಗೆ ಎದ್ದಿತು. ಅವನ ಕಣ್ಣು, ಮೂಗು ಎರಡೂ ಸುರಿದವು. ತಡೆಯಲಾರದೆ ಎದ್ದು ಕಿಟಕಿಯ ಬಾಗಿಲನ್ನು ತಳ್ಳಿ ತಲೆ ಹೊರಗೆ ಹಾಕಿದ. ಉಸಿರು ಬಂದ ಮೇಲೆ ಕಣ್ಣು ಬಿಟ್ಟ. ಮಳೆಯಲ್ಲೂ ಎಲ್ಲ ಮನೆಗಳ ಮಾಡಿನಿಂದ ಹೊಗೆ ಏಳುತ್ತಿತ್ತು. ಎದುರಿನ ಮನೆಯಿಂದ ಏಳುತ್ತಿರಲಿಲ್ಲ.

“ಏನೇ ಇದು? ಅಷ್ಟು ಬೆಂಕಿಪೊಟ್ಟಣ ಕಳಿಸಿದ್ದೀನಿ, ಆ ಮನೆಯವರು ಒಲೆ ಹೊತ್ತಿಸೋದೇ ಇಲ್ಲವಲ್ಲ!” ಎಂದ, ಜಗುಲಿಗೆ ಕೇಳುವ ಹಾಗೆ.

ಜಗುಲಿಯಿಂದ ಮಾತು ಬರಲಿಲ್ಲ.

ಮಾತಿಗೆ ಮಾತು ಕೊಡುವ ಹೆಂಡತಿ. ಅವಳು ಸುಮ್ಮನಾದದ್ದು ಅವನಿಗೆ ವಿಚಿತ್ರವೆನಿಸಿತು. ಕೈಯನ್ನು ಕಿಟಕಿಯ ಕಲ್ಲಿನ ಮೇಲೆ ಊರಿ ನಿಂತ. ಕೈಗೆ ಏನೋ ತಾಗಿತು. ನೋಡಿದ. ಕಲ್ಲಿನ ಮೇಲೆ ಕುಡಿಕೆಯ ತಳ ಕೂತು ಕೂತು ಆದ ಒಂದು ಕಪ್ಪು ಬಳೆಯಂಥ ಗುರುತು. ಅದರ ಸುತ್ತ ಬೂದಿ. ಬೂದಿಯ ನಡುವೆ ಒಣಗಿದ ಅನ್ನದ ಅಗುಳು. ಒಂದು ಅಗುಳನ್ನು ಇರುವೆಗಳು ಎಳೆದುಕೊಂಡು ಹೋಗುತ್ತಿದ್ದವು.

ಕೆಂಡ ಕೊಡುವ ಜಾಗ. ಇಲ್ಲಿ ಅನ್ನ ಯಾಕೆ ಬಂತು?

ವರ್ತಕ ಪೆದ್ದನಲ್ಲ. ಹೆಂಡತಿ ಅಂಗಳದಲ್ಲಿ ಹೇಳಿದ ಕಾರಣಗಳನ್ನೆಲ್ಲ ನೆನೆಸಿಕೊಂಡ. ಹೊಗೆ, ಬೆಳಕು, ಕಾಗೆ, ಕೆಂಡ. ಇಷ್ಟು ಸುಳ್ಳು ಕಾರಣ ಹೇಳುವವಳ ಹತ್ತಿರ ಒಂದು ನಿಜವಾದ ಕಾರಣ ಇರಲೇಬೇಕು. ಹೊಗೆ ಏಳದ ಮಾಡನ್ನು ಮತ್ತೆ ನೋಡಿದ. ಎಲ್ಲ ಒಂದೇ ಸಲಕ್ಕೆ ತಿಳಿಯಿತು. ತಾನು ಕಳಿಸಿದ ಕಟ್ಟು ಏನು ಮಾಡಿತೆಂದೂ ತಿಳಿಯಿತು.

ಅವನ ಕೈ ತೆರೆಯಿತು. ಕೂಡಲೇ ಬಾಯಿಯೂ ತೆರೆಯಿತು. ಆಳನ್ನು ಕರೆಯಬೇಕು, ಒಂದು ಮೂಟೆ ಅಕ್ಕಿ, ಒಂದು ಪಿಂಡಿ ಬೆಲ್ಲ, ಈಗಲೇ, ಈ ಕ್ಷಣವೇ ಎಂದು ಉಸಿರೆಳೆದುಕೊಂಡ.

ಆ ಹೊತ್ತಿಗೆ ಓಣಿಯಲ್ಲಿ ದನ ಕಾಯುವವನು ಬಂದ. ತಲೆಯಿಂದ ಕಾಲಿನವರೆಗೆ ನೆನೆದಿದ್ದ. ಮಡಚಿದ ಕೊಡೆ ಕಂಕುಳಲ್ಲಿತ್ತು.

“ಏಯ್, ಕೊಡೆ ಬಿಚ್ಚೋ ಮಾರಾಯ! ಯಾಕೆ ನೆನೀತೀಯ?”

ದನ ಕಾಯುವವನು ಬೆಚ್ಚಿಬಿದ್ದ. ಸಾಹುಕಾರರು ಈ ಓಣಿಯಲ್ಲೂ ಇರುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಕೈ ಮುಗಿದು, “ಬೇಡ ಸಾಹುಕಾರ್ರೇ. ಬಿಚ್ಚಿದರೆ ನೀವು ಕೇಳ್ತೀರಿ. ನೆನೆಯೋದೇ ವಾಸಿ,” ಎಂದು ಹೇಳಿ ಓಡಿದ.

ವರ್ತಕ ಬಾಯಿ ಮುಚ್ಚಿಕೊಂಡ. ಆಳನ್ನು ಕರೆಯಲಿಲ್ಲ. ಒಲೆಯ ಮುಂದೆ ಬಂದು ಕೂತ. ಅನ್ನ ತಳ ಹಿಡಿಯಿತು. ಅವನು ಎದ್ದು ಹೆಗಲಿಗೆ ವಲ್ಲಿ ಹಾಕಿಕೊಂಡು, ಮುಂಬಾಗಿಲಿನಿಂದ ಹೊರಟ.

ಮಳೆ ನಿಂತಿತ್ತು. ಜನ ಬೀದಿಯಲ್ಲಿದ್ದರು. ಅವನು ನೇಕಾರನ ಮನೆಯ ಮುಂದೆ ನಿಂತು, ಊರಿಗೆಲ್ಲ ಗೊತ್ತಿದ್ದ ತನ್ನ ಆ ಗಂಟಲನ್ನು ತೆರೆದ.

“ತಾಯೀ, ನಾನು ಕಳಿಸಿದ ಬೆಂಕಿಪೊಟ್ಟಣ ವಾಪಸ್ ಕೊಡಿ! ಅದು ನೆನೆದ ಮಾಲು! ಒಂದು ಕಡ್ಡಿಯೂ ಹತ್ತೋದಿಲ್ಲ! ಕೆಟ್ಟ ಮಾಲನ್ನು ದಾನ ಕೊಟ್ಟೆ ಅನ್ನೋ ಹೆಸರು ನನಗೆ ಬೇಡ!”

ಬೀದಿ ಕಿವಿ ನೆಟ್ಟಗೆ ಮಾಡಿತು. ಕಟ್ಟೆಯ ಮೇಲೆ ಕೂತಿದ್ದವನೊಬ್ಬ, “ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದಿದ್ದಾರೆ ಸಾಹುಕಾರ್ರು! ಇನ್ನು ಕೊಡೆ ಇಸ್ಕೊಂಡವನ ಗತಿ ಏನಪ್ಪಾ!” ಎಂದ. ನಗು ಎದ್ದಿತು. ವರ್ತಕನ ಕಿವಿ ಕೆಂಪಾಯಿತು. ಆದರೂ ಅಲ್ಲಿಂದ ಕದಲಲಿಲ್ಲ.

ನೇಕಾರನ ಹೆಂಡತಿ ಕಟ್ಟು ಹಿಡಿದು ಹೊರಗೆ ಬಂದಳು. ಕಟ್ಟು ಬಿಚ್ಚಿತ್ತು. ಒಂದು ಪೊಟ್ಟಣದಿಂದ ಅವಳು ದಿನವೂ ದೇವರ ದೀಪ ಹಚ್ಚಿದ್ದಳು. ಕಡ್ಡಿಗಳು ಚೆನ್ನಾಗಿಯೇ ಹತ್ತುತ್ತಿದ್ದವು. ಅವಳು ವರ್ತಕನ ಮುಖ ನೋಡಿದಳು. ಹೊಗೆಗೆ ಕೆಂಪಾದ ಅವನ ಕಣ್ಣುಗಳನ್ನೂ, ಅವನ ಅಂಗಿಗೆ ಅಂಟಿದ ಬೂದಿಯನ್ನೂ ನೋಡಿದಳು.

“ಹೌದು ಸಾಹುಕಾರ್ರೇ. ನಾನೇ ಹೇಳಿಕಳಿಸೋಣ ಅಂತಿದ್ದೆ. ಒಂದೂ ಹತ್ತಲಿಲ್ಲ,” ಎಂದಳು.

“ನನ್ನದೇ ತಪ್ಪು ತಾಯೀ. ಒಳ್ಳೆ ಮಾಲು ಬರೋ ತನಕ ನಮ್ಮ ಕಿಟಕಿಯಿಂದಲೇ ಕೆಂಡ ತಗೊಂಡು ಹೋಗಿ. ಇಲ್ಲ ಅಂದರೆ ನನಗೆ ಮರ್ಯಾದೆ ಇರೋದಿಲ್ಲ.”

ಅವನು ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ನಗುವ ಬೀದಿಯ ನಡುವೆ ನಡೆದು ಮನೆಗೆ ಬಂದ. ಹೆಂಡತಿ ಜಗುಲಿಯ ಮೂಲೆಯಲ್ಲಿ ಕೂತಿದ್ದಳು. ಅವನ ಕೂಗು ಅವಳಿಗೆ ಕೇಳಿಸಿತ್ತು. ಆ ಗಂಟಲು ಯಾರಿಗೆ ಕೇಳಿಸುವುದಿಲ್ಲ? ಅವನು ಕಟ್ಟನ್ನು ಮೂಲೆಗಿಟ್ಟು ಅಡುಗೆಮನೆಗೆ ಹೋದ.

ದೀಪ ಹಚ್ಚುವ ಹೊತ್ತಿಗೆ ಕಿಟಕಿಯ ಕಲ್ಲಿನ ಮೇಲೆ ಕುಡಿಕೆ ಬಂದು ಕೂತಿತು.

ವರ್ತಕ ಅದನ್ನು ಒಳಗೆ ತೆಗೆದುಕೊಂಡ. ತಳ ಹಿಡಿದ ಅನ್ನದಲ್ಲಿ ಮೇಲಿನ ಬಿಳಿ ಅನ್ನವನ್ನು ಆರಿಸಿ ತುಂಬಿದ. ತನಗೆ ಕರಿಕಲು ಉಳಿಸಿಕೊಂಡ. ಮೇಲೆ ಎಲೆ ಮುಚ್ಚಿದ. ಎಲೆಯ ಮೇಲೆ ಚಿಟಿಕೆ ಬೂದಿ ಉದುರಿಸಿ ಕೆಂಡ ಇಟ್ಟ. ಎಲೆ ಚುರ್ ಎಂದಿತು. ಸುಟ್ಟ ವಾಸನೆ ಜಗುಲಿಗೆ ಹೋಯಿತು.

ಹೆಂಡತಿ ಆ ಕಡೆ ಮುಖ ಮಾಡಿಕೊಂಡೇ, “ಬೂದಿ ಇನ್ನೂ ದಪ್ಪಗೆ ಹಾಕಬೇಕು,” ಎಂದಳು.

ಅವನು ಎಲೆ ಬದಲಾಯಿಸಿ ಬೂದಿ ದಪ್ಪಗೆ ಹಾಕಿದ.

ಆ ವಿಷಯದಲ್ಲಿ ಗಂಡಹೆಂಡಿರ ನಡುವೆ ನಡೆದ ಮಾತು ಅಷ್ಟೇ. ಮುಂದೆ ಅವರು ಬದುಕಿದ್ದಷ್ಟು ಕಾಲವೂ ಅಷ್ಟೇ.

ಅಮಾವಾಸ್ಯೆ ಕಳೆಯಿತು. ಗಾರೆಯವರು ಬಂದರು. ಅಂಗಳದ ಬೂದಿಯ ಗೆರೆ ಮಳೆಗೆ ಅಳಿದುಹೋಗಿತ್ತು, ವರ್ತಕ ಬೇರೆ ಎಳೆದ. ಹೊಗೆಗೂಡು ಪಕ್ಕದ ಗೋಡೆಗೆ ಹೋಯಿತು. ಅದಕ್ಕಾಗಿ ಡಬ್ಬಿಯ ಗೂಡುಗಳು ಅರ್ಧ ಕಡಿಮೆಯಾದವು. ಕಿಟಕಿ ಇದ್ದಲ್ಲೇ ಉಳಿಯಿತು. ಅದರ ಕಲ್ಲನ್ನು ಸ್ವಲ್ಪ ಅಗಲ ಮಾಡಿಸಿದ, ಸ್ವಲ್ಪ ತಗ್ಗಿಸಿದ. ಹೊರಗೆ ನಿಂತವರು ತುದಿಗಾಲಲ್ಲಿ ನಿಲ್ಲಬೇಕಾಗಿರಲಿಲ್ಲ.

ಹೊಸ ಅಡುಗೆಮನೆ ನೋಡಲು ಊರು ಬಂತು. ಕಟ್ಟೆ ನೋಡಿದರು, ಹೊಗೆಗೂಡು ನೋಡಿದರು, ಗಾಜಿನ ಹೆಂಚಿನಿಂದ ಬಿದ್ದ ಬೆಳಕಿಗೆ ಕೈಯೊಡ್ಡಿದರು. ಹಿಂದೆ ಬೆಲ್ಲಕ್ಕೆ ಬಂದು ಒಲೆ ನೋಡಿದವನೂ ಬಂದಿದ್ದ. “ಎಲ್ಲ ಸರಿ ಸಾಹುಕಾರ್ರೇ. ಹೊಗೆಗೆ ಗೂಡಿದೆ, ಬೆಳಕಿಗೆ ಹೆಂಚಿದೆ. ಈ ಕಿಟಕಿ ಯಾವ ಕರ್ಮಕ್ಕೆ?” ಎಂದು ಕೇಳಿದ.

ಹಿಂದಿನ ವರ್ತಕನಾಗಿದ್ದರೆ ಅದಕ್ಕೆ ಒಂದು ಗಂಟೆಯ ಉತ್ತರ ಇರುತ್ತಿತ್ತು.

“ಇರಲಿ ಬಿಡಿ,” ಎಂದ.

ಕೊಟ್ಟದ್ದನ್ನು ವಾಪಸ್ ಕೇಳಿದವನು ಎಂಬ ಹೆಸರು ಅವನಿಗೆ ಬಹಳ ಕಾಲ ಅಂಟಿಕೊಂಡಿತ್ತು. ಸಂತೆಯಲ್ಲಿ ಹಾಸ್ಯ ಮಾಡುತ್ತಿದ್ದರು. “ಸಾಹುಕಾರ್ರೇ, ಒಳ್ಳೆ ಬೆಂಕಿಪೊಟ್ಟಣ ಬಂತಾ?” ಎಂದರೆ, “ಇನ್ನೂ ಇಲ್ಲ ಕಣಯ್ಯಾ, ದಾರಿಯಲ್ಲಿದೆ,” ಎನ್ನುತ್ತಿದ್ದ. ಅದು ಬರಲೇ ಇಲ್ಲ. ದನ ಕಾಯುವವನನ್ನು ಮಾತ್ರ ಅವನು ಮತ್ತೆ ಏನೂ ಕೇಳಲಿಲ್ಲ. ಒಂದು ಮಳೆ ಹೀಗೇ ಹೋಯಿತು, ಎರಡನೆಯ ಮಳೆಯೂ ಹೋಯಿತು. ಮೂರನೆಯ ಮಳೆಗೆ ಕೊಡೆ ಬಿಚ್ಚಿಕೊಂಡಿತು. ವರ್ತಕ ಅದನ್ನು ನೋಡದವನ ಹಾಗೆ ಬೆಲ್ಲ ತೂಗಿದ.

ವರ್ತಕನ ಹೆಂಡತಿಯ ಕೆಮ್ಮು ನಿಂತಿತು. ನೇಕಾರನ ಬೆರಳುಗಳು ಎಣ್ಣೆಗೆ, ಬಿಸಿಲಿಗೆ, ಹೊಟ್ಟೆಗೆ ಬಿದ್ದ ಅನ್ನಕ್ಕೆ ನಿಧಾನವಾಗಿ ಸಡಿಲಾದವು. ಒಂದು ಬೆಳಿಗ್ಗೆ ಕಿಟಕಿಯಿಂದ ಮಗ್ಗದ ಸದ್ದು ಕೇಳಿಸಿತು. ತಡವರಿಸುವ ಸದ್ದು, ಎರಡು ಏಟು ಬಿದ್ದು ನಿಲ್ಲುವುದು, ಮತ್ತೆ ಎರಡು ಏಟು. ವರ್ತಕನ ಹೆಂಡತಿ ಸೌಟು ಹಿಡಿದು ಹಾಗೇ ನಿಂತು ಕೇಳಿದಳು. ಅವತ್ತು ಅಳುವುದಕ್ಕೆ ಅವಳಿಗೆ ಹೊಗೆಯ ನೆಪ ಇರಲಿಲ್ಲ.

ಆ ಸಂಜೆಯೂ ಕುಡಿಕೆ ಬಂತು. ಅವಳು ಎತ್ತಿಕೊಂಡಳು. ಭಾರವಾಗಿತ್ತು. ಮೇಲೆ ಬೂದಿ ಇತ್ತು, ಬೂದಿಯ ಮೇಲೆ ಒಂದು ಕೆಂಡವೂ ಇತ್ತು. ಬೂದಿ ಸರಿಸಿ ಎಲೆ ತೆಗೆದಳು. ಕೆಳಗೆ ಬಿಸಿ ಪಾಯಸವಿತ್ತು.

ಗುರು ಕತೆ ನಿಲ್ಲಿಸಿದರು. ಚಪ್ಪಲಿಯನ್ನು ಕಾಲಿಗೆ ಹಾಕಿ ನೋಡಿದರು. ಹೊಲಿಗೆ ಸರಿಯಾಗಿ ಕೂತಿತ್ತು.

ಶಿಷ್ಯ ನಕ್ಷೆಯನ್ನು ಮಡಿಲಲ್ಲಿ ಇಟ್ಟುಕೊಂಡು ಯೋಚಿಸುತ್ತಿದ್ದ. ಅವನು ಚುರುಕು ಎಂದು ಮೊದಲೇ ಹೇಳಿದೆ. ಕತೆಯಲ್ಲಿ ಒಂದು ತೂತು ಅವನ ಕಣ್ಣಿಗೆ ಬಿತ್ತು.

“ಗುರುಗಳೇ, ವರ್ತಕ ಯಾರಿಗೂ ಹೇಳಲಿಲ್ಲ. ಅವನ ಹೆಂಡತಿ ಹೇಳಲಿಲ್ಲ. ನೇಕಾರನ ಹೆಂಡತಿಯಂತೂ ಹೇಳುವವಳಲ್ಲ. ಹಾಗಿದ್ದ ಮೇಲೆ ಕೆಂಡದ ಕೆಳಗೆ ಅನ್ನ ಇತ್ತು ಎಂದು ನಿಮಗೆ ಹೇಗೆ ಗೊತ್ತು?”

“ಬೂದಿ ಸರಿಸಿ ಎಲೆ ತೆಗೆಯುವ ಕೆಲಸ ನಮ್ಮ ಮನೆಯಲ್ಲಿ ನನ್ನದಾಗಿತ್ತು,” ಎಂದರು ಗುರು.